ಎಡ ಹೆಗಲು

ಆ ಊರಿನವರು ಎಡ ಹೆಗಲು ಎತ್ತುತ್ತಿದ್ದರು. ಬಲದ್ದಲ್ಲ, ಎರಡೂ ಅಲ್ಲ, ಎಡದ್ದು ಮಾತ್ರ. ಕಿವಿಯ ಕಡೆಗೆ ಒಮ್ಮೆ ಚಕ್ಕನೆ ಏರಿಸಿ ಇಳಿಸುವುದು, ಅಷ್ಟೇ. ಬಸ್ ಕಂಡಕ್ಟರ್ ಟಿಕೆಟ್ ಹರಿಯುವ ಮುಂಚೆ ಎತ್ತುತ್ತಿದ್ದ. ಔಷಧಿ ಅಂಗಡಿಯವನು ಮಾತ್ರೆ ಹುಡುಕುವಾಗ ಎತ್ತುತ್ತಿದ್ದ. ಫೋನಿನಲ್ಲಿ ಮಾತಾಡುವವರು, ಆ ಕಡೆಯವರಿಗೆ ಕಾಣದಿದ್ದರೂ, ಎತ್ತುತ್ತಿದ್ದರು. ಕೇಳಿದರೆ “ನಾವಾ? ಇಲ್ಲವಲ್ಲ” ಎನ್ನುತ್ತಿದ್ದರು. ಹಾಗೆ ಹೇಳುವ ಮುಂಚೆ ಒಮ್ಮೆ, ಹೇಳಿದ ಮೇಲೆ ಒಮ್ಮೆ ಎತ್ತಿರುತ್ತಿದ್ದರು.

ಇದನ್ನು ಗಮನಿಸಿದ್ದು ಆ ವರ್ಷ ಆರನೇ ಕ್ಲಾಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ. ಅವಳ ಅಪ್ಪ ಲಾರಿ ಓಡಿಸುತ್ತಿದ್ದ. ಅಮ್ಮನದು ಹೊಲಿಗೆ ಕೆಲಸ. ಈ ಊರಿನ ಯೂನಿಫಾರ್ಮ್ ಅಂಗಡಿಗೆ ಜನ ಬೇಕಾಗಿದ್ದಾರೆ ಎಂದು ತಿಳಿದು ಮೂವರೂ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದರು. ಊರಿಗೆ ಇದ್ದದ್ದು ಒಂದೇ ಶಾಲೆ, ಯೂನಿಫಾರ್ಮ್ ಹೊಲಿಯುವ ಅಂಗಡಿಯೂ ಒಂದೇ. ದೊಡ್ಡವರ ಶರ್ಟುಗಳನ್ನೂ ಅಲ್ಲೇ ಹೊಲಿಯುತ್ತಿದ್ದರು.

ಬಂದ ವಾರವೇ ಹುಡುಗಿ ಕೇಳಿದಳು. “ಅಮ್ಮ, ಇಲ್ಲಿ ಎಲ್ಲರಿಗೂ ಹೆಗಲು ನೋವಾ?”

“ಊರವರ ಹೆಗಲು ನಿಂಗ್ಯಾಕೆ? ನಿನ್ನ ಪುಸ್ತಕ ನೋಡ್ಕೋ.”

“ಸೊಳ್ಳೆ ಇರಬಹುದಾ?”

“ಸೊಳ್ಳೆ ಎಡಗಡೆ ಮಾತ್ರ ಹುಡುಕ್ಕೊಂಡು ಬಂದು ಕಚ್ಚುತ್ತಾ? ತಲೆ ತಿನ್ಬೇಡ, ಹೋಗೇ.”

ಶಾಲೆಯಲ್ಲಿ ಅದು ಬರೀ ಅಭ್ಯಾಸವಾಗಿರಲಿಲ್ಲ, ನಿಯಮವಾಗಿತ್ತು. ಬೆಳಿಗ್ಗೆ ಮೈದಾನದಲ್ಲಿ ಎಲ್ಲ ಕ್ಲಾಸಿನವರೂ ಸಾಲಾಗಿ ನಿಲ್ಲುತ್ತಿದ್ದರು. ಡ್ರಿಲ್ ಮೇಷ್ಟ್ರು ಮೊದಲ ಸೀಟಿ ಊದಿದರೆ ಅಷ್ಟೂ ಎಡ ಹೆಗಲುಗಳು ಒಟ್ಟಿಗೆ ಏರಿ ಇಳಿಯಬೇಕು. ಎರಡನೇ ಸೀಟಿಗೆ ಅಟೆನ್ಷನ್. ಈ ಏರಿಳಿತಕ್ಕೆ ಅಲ್ಲಿ ‘ಹೆಗಲು’ ಎಂದೇ ಹೆಸರು. “ಹೆಗಲು ಸರಿಯಾಗಿ ಬರ್ಲಿ” ಎಂದು ಮೇಷ್ಟ್ರು ಕೂಗುತ್ತಿದ್ದರು. ಇಡೀ ಮೈದಾನ ಒಮ್ಮೆ ಉಸಿರೆಳೆದು ಬಿಟ್ಟಂತೆ ಕಾಣುತ್ತಿತ್ತು.

ಹೊಸ ಹುಡುಗಿ ಎತ್ತುತ್ತಿರಲಿಲ್ಲ. ಹಟವೇನೂ ಇರಲಿಲ್ಲ. ಎತ್ತಬೇಕೆಂದು ನೆನಪಾಗುವ ಹೊತ್ತಿಗೆ ಎರಡನೇ ಸೀಟಿ ಆಗಿಹೋಗಿರುತ್ತಿತ್ತು. ಉದ್ದವಾಗಿದ್ದಳು, ಅಲ್ಲಾಡದೆ ನಿಲ್ಲುತ್ತಿದ್ದಳು. ಕ್ಲಾಸಿನವರು ‘ಕಂಬ’ ಎಂದು ಹೆಸರಿಟ್ಟರು. ಆ ಹೆಸರನ್ನು ಕೊಟ್ಟವಳು ಅವಳ ಪಕ್ಕ ಕೂರುತ್ತಿದ್ದ ಗೆಳತಿಯೇ. ದಿನಕ್ಕೊಂದಾದರೂ ಅಂಗಿಯ ಗುಂಡಿ ಕಿತ್ತುಕೊಂಡು ಬರುತ್ತಿದ್ದುದರಿಂದ ಆ ಗೆಳತಿಗೆ ‘ಗುಂಡಿ’ ಎಂದು ಹೆಸರಾಗಿತ್ತು. ಹಾಗಾಗಿ ಇಬ್ಬರಿಗೂ ಬೇಜಾರೇನೂ ಇರಲಿಲ್ಲ.

ವಾರ್ಷಿಕ ಡ್ರಿಲ್ ಶನಿವಾರ ಇತ್ತು. ಸೋಮವಾರ ಮೇಷ್ಟ್ರು ಅವಳನ್ನು ಸಾಲಿನಿಂದ ಹೊರಗೆ ಕರೆದರು. ಐವತ್ತರ ಆಸುಪಾಸಿನ ಮನುಷ್ಯ. ದನಿ ದೊಡ್ಡದು, ಸಿಟ್ಟು ಚಿಕ್ಕದು.

“ಎಲ್ಲಮ್ಮಾ ಹೆಗಲು?”

“ಇಲ್ಲೇ ಇದೆ ಸರ್.”

ಸಾಲಿನಲ್ಲಿ ಕಿಸಕ್ಕೆಂದು ನಗೆ ಹೊರಟಿತು. ಮೇಷ್ಟ್ರು ಆ ಕಡೆ ನೋಡಿದ ಕೂಡಲೇ ಆರಿತು.

“ಇರೋದು ಗೊತ್ತು. ಎತ್ತೋದು ಯಾವಾಗ?”

“ಯಾಕೆ ಎತ್ತಬೇಕು ಅಂತ ಹೇಳಿದ್ರೆ ನೆನಪಿಟ್ಕೋತೀನಿ ಸರ್.”

ಮೇಷ್ಟ್ರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. “ನೋಡು, ನೀನು ಎಲ್ಲರಿಗಿಂತ ಎತ್ತರ. ಮುಂದಿನ ಸಾಲಲ್ಲಿ ಬಲಗಡೆ ಕೊನೆ ಜಾಗ ನಿಂದೇ ಆಗಬೇಕು. ಆದ್ರೆ ಶುಕ್ರವಾರದೊಳಗೆ ಹೆಗಲು ಬರ್ಲಿಲ್ಲ ಅಂದ್ರೆ ಗ್ಯಾಲರೀಲಿ ಕೂತ್ಕೋ. ಜ್ವರ ಬಂದೋರು, ಕಾಲು ಮುರ್ಕೊಂಡೋರು ಕೂರ್ತಾರಲ್ಲ, ಅಲ್ಲಿ.”

ಅವಳಿಗೆ ಆ ಜಾಗ ಬೇಕಿತ್ತು. ಹಿಂದಿನ ಶಾಲೆಗಳಲ್ಲೆಲ್ಲ ಉದ್ದವಿದ್ದವರನ್ನು ಹಿಂದಕ್ಕೆ ತಳ್ಳುತ್ತಿದ್ದರು. ಅಪ್ಪ ಒಮ್ಮೆ ಅರ್ಧ ದಿನ ಲಾರಿ ನಿಲ್ಲಿಸಿ ನೋಡಲು ಬಂದಿದ್ದ. ಮನೆಗೆ ಬಂದ ಮೇಲೆ “ನೀನು ಎಲ್ಲಿದ್ದೆ ಮಗಳೇ?” ಎಂದು ಕೇಳಿದ್ದ. ಈ ಸಲವೂ ಬರುತ್ತೇನೆಂದು ಹೇಳಿ, ಶನಿವಾರದ ಲೋಡನ್ನು ಬೇರೆಯವನಿಗೆ ಒಪ್ಪಿಸಿದ್ದ. ಮುಂದಿನ ಸಾಲಿನ ಆ ಕೊನೆ ಜಾಗ ಎಂದರೆ ಗೇಟಿನಿಂದಲೇ ಕಾಣುತ್ತದೆ.

ಅವಳು ವಿಚಾರಣೆ ಶುರುಮಾಡಿದಳು.

ಕಂಡಕ್ಟರ್ ಹೇಳಿದ, “ಯೋಚನೆ ಮಾಡೋಕೆ ಮುಂಚೆ ಹಾಗೆ ಮಾಡಿದ್ರೆ ತಲೆ ಓಡುತ್ತೆ. ಟಿಕೆಟ್ ತಗೊಂಡ್ಯಾ?”

ಔಷಧಿ ಅಂಗಡಿಯವನು ಅದು ರಕ್ತ ಸಂಚಾರಕ್ಕೆ ಒಳ್ಳೆಯದು ಎಂದ. ಯಾವ ಪುಸ್ತಕದಲ್ಲಿ ಓದಿದ್ದು ಎಂದು ಕೇಳಿದ್ದಕ್ಕೆ, ಇಂಥದ್ದಕ್ಕೆಲ್ಲ ಪುಸ್ತಕ ಬೇಕಾ ಎಂದ. ಹೆಡ್‌ಮಿಸ್ ಕನ್ನಡಕ ತೆಗೆದಿಟ್ಟು, ಶಾಲೆ ಕಟ್ಟಿದವರು ಜವಾಬ್ದಾರಿಯನ್ನು ಹೆಗಲ ಮೇಲೆ ಹೊತ್ತವರು, ಅದರ ನೆನಪಿಗಾಗಿ ಈ ಪದ್ಧತಿ ಎಂದರು. ಹೇಳುವಾಗ ಅವರೂ ಎತ್ತಿದರು. ಆದರೆ ಅವರು ಬೇರೆ ಊರಿನಿಂದ ಬಂದವರು. ಬಂದಾಗ ಎತ್ತುತ್ತಿದ್ದಿರಾ ಎಂದು ಹುಡುಗಿ ಕೇಳಿದಳು. ಹೆಡ್‌ಮಿಸ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಅದು ನೆನಪಿಲ್ಲ. ಕ್ಲಾಸಿಗೆ ಹೋಗು.”

ಕೇಳಿದವರೆಲ್ಲರ ಹತ್ತಿರವೂ ಕಾರಣವಿತ್ತು. ಒಬ್ಬರ ಕಾರಣ ಇನ್ನೊಬ್ಬರದ್ದಕ್ಕೆ ಹೊಂದುತ್ತಿರಲಿಲ್ಲ.

ಕೊನೆಗೆ ಡ್ರಿಲ್ ಮೇಷ್ಟ್ರನ್ನೇ ಕೇಳಿದಳು. ಚೆಂಡುಗಳಿಗೆ ಗಾಳಿ ತುಂಬುತ್ತ ಕೂತಿದ್ದ ಅವರು ಸತ್ಯವನ್ನೇ ಹೇಳಿದರು.

“ನಂಗೂ ಗೊತ್ತಿಲ್ಲಮ್ಮ. ನಾನು ಕೆಲಸಕ್ಕೆ ಸೇರಿದಾಗ ಅಟೆನ್ಷನ್ ಅಂದ್ರೂ ಒಬ್ರಾದ ಮೇಲೆ ಒಬ್ರು ಹೆಗಲು ಎಗರಿಸ್ತಿದ್ರು. ಕುದಿಯೋ ಪಾತ್ರೆ ಮುಚ್ಚಳದ ಹಾಗೆ. ಬೈದೆ, ನಿಲ್ಲಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದೆ, ಬೆಂಚಿನ ಮೇಲೂ ಎಗರಿಸಿದ್ರು. ಹೇಗೂ ಎಲ್ಲರೂ ಎತ್ತುತ್ತಾರೆ, ಒಟ್ಟಿಗೆ ಎತ್ತಲಿ ಅಂತ ಒಂದು ಸೀಟಿ ಕೊಟ್ಟೆ.”

“ನೀವು ಎತ್ತಲ್ವಲ್ಲ ಸರ್?”

“ನಾನಾ?” ಮೇಷ್ಟ್ರು ಪಂಪು ನಿಲ್ಲಿಸಿದರು. “ನಾನು ಸೀಟಿ ಊದ್ತಿರ್ತೀನಲ್ಲ.”

ಹುಡುಗಿ ಅದನ್ನು ಒಪ್ಪಿದಳು. ಆದರೆ ಈಗ ಅವರು ಊದುತ್ತಿರಲಿಲ್ಲ. ಆದರೂ ಅವರ ಹೆಗಲು ಸುಮ್ಮನೇ ಇತ್ತು.

ಬುಧವಾರ ಊಟದ ಬಿಡುವಿನಲ್ಲಿ ಅವಳು ಗುಂಡಿಯ ಶರ್ಟನ್ನು ಕೇಳಿದಳು.

“ಯಾಕೆ? ನಿಂದೇನಾಯ್ತು?”

“ಏನೂ ಆಗಿಲ್ಲ. ಬದಲಾಯಿಸ್ಕೊಳ್ಳೋಣ. ಸಾಯಂಕಾಲ ಕೊಡ್ತೀನಿ.”

“ಗುಂಡಿ ಇಲ್ಲ ಕಣೇ ನಂದಕ್ಕೆ.”

“ಗೊತ್ತು. ಪಿನ್ನು ತಂದಿದೀನಿ.”

ಕೈ ತೊಳೆಯುವ ತೊಟ್ಟಿಯ ಹಿಂದೆ ಹೋಗಿ ಬದಲಾಯಿಸಿಕೊಂಡರು. ಮೇಲಿಂದ ನೋಡಿದರೆ ಎರಡೂ ಒಂದೇ ಶರ್ಟು. ಅದೇ ಬಟ್ಟೆ, ಅದೇ ಬಣ್ಣ, ಅದೇ ಜೇಬು. ಗುಂಡಿಯದು ಅಂಗಡಿಯದ್ದು. ಕಂಬದ್ದನ್ನು ಅಮ್ಮ ಮನೆಯಲ್ಲೇ ಅವಳ ಮೈ ಅಳೆದು ಹೊಲಿದಿದ್ದಳು.

ಬಿಡುವಿನ ನಂತರದ ಮೊದಲ ಪೀರಿಯಡ್ ಗಣಿತ. ಬೋರ್ಡಿನ ಮೇಲಿದ್ದ ಭಾಗಾಕಾರ ಮುಗಿಯುವುದರೊಳಗೆ ಕಾಲರ್ ಮೆಲ್ಲಗೆ ಎಡಕ್ಕೆ ಸರಿಯಿತು. ಎಡಗಡೆಯ ತೋಳು ಮೊಣಕೈ ದಾಟಿ ಇಳಿಯಿತು. ಹುಡುಗಿ ಕೈಯಿಂದ ಎಳೆದುಕೊಂಡಳು. ಮತ್ತೆ ಸರಿಯಿತು. ಬರೆಯುವಾಗ ಕೈಗೆ ಬಿಡುವಿರಲಿಲ್ಲ. ಆಗ ಅವಳ ಎಡ ಹೆಗಲು, ಅವಳನ್ನು ಕೇಳದೆ, ಚಕ್ಕನೆ ಏರಿ ಇಳಿಯಿತು. ಶರ್ಟು ತನ್ನ ಜಾಗಕ್ಕೆ ಹೋಗಿ ಕೂತಿತು.

“ಸಿಕ್ತು!” ಎಂದು ಅವಳು ಕೂಗಿದಳು.

“ಏನು ಸಿಕ್ತು? ಶೇಷ ಎಷ್ಟು?” ಎಂದರು ಗಣಿತದ ಮಿಸ್.

ಶೇಷ ಅವಳಿಗೆ ಸಿಕ್ಕಿರಲಿಲ್ಲ. ನಿಂತುಕೊಂಡೇ ಉಳಿದ ಪೀರಿಯಡ್ ಕಳೆದಳು. ಆದರೆ ಅವಳ ಕಣ್ಣು ಗುಂಡಿಯ ಮೇಲಿತ್ತು. ಗುಂಡಿಯ ಮೈಮೇಲೆ ಈಗ ಜಾರದ ಶರ್ಟಿತ್ತು. ಕಾಲರ್ ನೆಟ್ಟಗೆ ಕುತ್ತಿಗೆಗೆ ಕೂತಿತ್ತು. ಆದರೂ ಗುಂಡಿ ಎತ್ತಿದಳು, ಮತ್ತೆ ಎತ್ತಿದಳು.

“ಯಾಕೆ ಎತ್ತುತ್ತೀಯ? ಜಾರ್ತಿದ್ಯಾ?” ಬೆಲ್ ಹೊಡೆದ ಮೇಲೆ ಕಂಬ ಕೇಳಿದಳು.

“ಜಾರ್ತಿಲ್ಲ.”

“ಮತ್ತೆ?”

ಗುಂಡಿ ಯೋಚಿಸಿದಳು. “ಜಾರ್ತಿಲ್ವಲ್ಲ, ಅದಕ್ಕೇ ಏನೋ ಸರಿ ಇಲ್ಲ ಅನ್ಸುತ್ತೆ ಕಣೇ.”

ಆ ಸಂಜೆ ಹುಡುಗಿ ಕಂಡದ್ದನ್ನೆಲ್ಲ ಅಮ್ಮನಿಗೆ ವರದಿ ಒಪ್ಪಿಸಿದಳು. ಅಮ್ಮ ಬೆರಗಾಗಲಿಲ್ಲ.

“ಎಡಗಡೆ ತುಂಡು ಉದ್ದ ಇದೆ. ಕೆಲಸಕ್ಕೆ ಹೋದ ಮೊದಲ ದಿನವೇ ನೋಡ್ದೆ. ಎಡಗಡೆ ಹೆಗಲು ಬಲದ್ದಕ್ಕಿಂತ ಒಂದು ಬೆರಳು ಜಾಸ್ತಿ. ಕಾಲರ್ ಕೂಡಿಸೋಕೆ ಹೋದ್ರೆ ಕೂಡಲ್ಲ. ಪಕ್ಕದ ಮೆಷಿನ್ನಿನ ಅಕ್ಕ ‘ಎಡಗಡೆ ಸ್ವಲ್ಪ ನೆರಿಗೆ ಕೊಟ್ಟು ಹೊಲಿ, ಕೂಡುತ್ತೆ’ ಅಂದ್ಲು. ಕೊಟ್ಟು ಹೊಲಿದೆ. ಕೂಡ್ತು.”

“ಅಂಗಡಿ ಅಜ್ಜಿಗೆ ಹೇಳ್ಬಾರ್ದಿತ್ತಾ?”

ಅಂಗಡಿ ಅಜ್ಜಿ ಎಂದರೆ ಅಂಗಡಿಯ ಯಜಮಾನಿ. ಬಟ್ಟೆ ಕತ್ತರಿಸುವುದು ಅವರೊಬ್ಬರೇ. ತಗಡಿನ ಅಚ್ಚುಗಳನ್ನು ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಕತ್ತರಿ ಓಡಿಸುತ್ತಿದ್ದರು. ಎಪ್ಪತ್ತೈದು ದಾಟಿದರೂ ಕತ್ತರಿ ಕೈ ಬಿಟ್ಟಿರಲಿಲ್ಲ.

“ಬಂದು ಇನ್ನೂ ಕಣ್ಣು ಬಿಟ್ಟಿಲ್ಲ, ನಿಮ್ಮ ಅಚ್ಚು ತಪ್ಪು ಅಂತ ಹೇಳ್ಲಾ? ಅಷ್ಟು ವರ್ಷದಿಂದ ಯಾರೂ ಒಂದು ಮಾತು ಆಡಿಲ್ಲ. ಇಲ್ಲಿ ಹಾಗೇ ಇಷ್ಟವೇನೋ ಅಂದ್ಕೊಂಡೆ.” ಅಮ್ಮ ದೀಪದ ಕೆಳಗೆ ಬಟ್ಟೆ ತಿರುಗಿಸಿದಳು. “ನೀನು ಒಂದು ದಿನ ಹೆಗಲು ಎತ್ತಿಬಿಡೇ ಮಾರಾಯ್ತಿ. ಗಂಟು ಹೋಗುತ್ತಾ? ಅಪ್ಪ ಬರ್ತಾರೆ.”

“ನನ್ನ ಶರ್ಟು ಜಾರಲ್ವಲ್ಲಮ್ಮ.”

“ಜಾರೋ ಹಾಗೆ ಹೊಲಿದು ಕೊಡ್ಲಾ?”

ತಮಾಷೆಗೆ ಹೇಳಿದ ಮಾತು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅಮ್ಮ ಮಗಳ ಶರ್ಟಿನ ಎಡ ಹೆಗಲಿನ ಹೊಲಿಗೆಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದಳು. ಹುಡುಗಿ ಅದನ್ನು ಕಿತ್ತುಕೊಂಡು ಒಳಗೆ ಮಡಚಿಟ್ಟಳು.

ಗುರುವಾರ ಸಂಜೆಯೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಕಾರಣ ಗೊತ್ತಾದ ಮೇಲೆ ಅದು ಇನ್ನೂ ಕಷ್ಟವಾಯಿತು. ಹೆಗಲು ಏರುತ್ತಿತ್ತು, ಆದರೆ ಅದರ ಜೊತೆ ಕುತ್ತಿಗೆ, ಹುಬ್ಬು, ಒಂದು ಕಾಲಿನ ಹೆಬ್ಬೆರಳು ಎಲ್ಲವೂ ಏರುತ್ತಿದ್ದವು.

ಶುಕ್ರವಾರ ಸೀಟಿ ಊದಿದಾಗ ಅದನ್ನೇ ಮಾಡಿದಳು. ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದರು.

“ಅದು ಹೆಗಲಲ್ಲಮ್ಮ. ಬೆನ್ನಿಗೆ ಇರುವೆ ಹೋದ ಹಾಗಿತ್ತು.”

“ಕಲೀತಿದ್ದೀನಿ ಸರ್.”

“ಮೂರು ದಿನದ ಮಗು ಕೂಡ ಈ ಊರಲ್ಲಿ...” ಎಂದವರು ಅರ್ಧಕ್ಕೇ ಬಿಟ್ಟರು. ಮಾತು ಮಾತೇ. ಗ್ಯಾಲರಿಯ ಕಡೆ ಕೈ ತೋರಿಸಿದರು.

ಅವಳು ಹೋಗಿ ಕೂತಳು. ಅಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಏಳನೇ ಕ್ಲಾಸಿನವನೊಬ್ಬ ಸ್ವಲ್ಪ ಸರಿದು ಜಾಗ ಕೊಟ್ಟ. “ನಿಂಗೇನಾಗಿದೆ?” ಎಂದ.

“ಏನೂ ಆಗಿಲ್ಲ.”

“ಪಾಪ,” ಎಂದ ಅವನು.

ಮೈದಾನದಲ್ಲಿ ಅಭ್ಯಾಸ ಮುಂದುವರಿಯಿತು. ಗ್ಯಾಲರಿಯ ಎತ್ತರದಿಂದ ಹುಡುಗಿಗೆ ಕೆಳಗಿದ್ದಾಗ ಕಾಣದ ಒಂದು ಸಂಗತಿ ಕಂಡಿತು. ಪ್ರತಿ ಸಲ ಹೆಗಲು ಎತ್ತಿದಾಗಲೂ ಸಾಲಿನವರು ಗೊತ್ತಿಲ್ಲದೆ ಕಾಲನ್ನು ಒಂದಿಷ್ಟು ಎಡಕ್ಕೆ ಇಡುತ್ತಿದ್ದರು. ಸುಣ್ಣದ ಗೆರೆಯ ಮೇಲೆ ಶುರುವಾದ ಸಾಲು ಕವಾಯತು ಮುಗಿಯುವ ಹೊತ್ತಿಗೆ ನೀರಿನ ತೊಟ್ಟಿಯ ಹತ್ತಿರ ಹೋಗಿರುತ್ತಿತ್ತು. ಮೇಷ್ಟ್ರಿಗೆ ಇದು ಹಳೇ ತಲೆನೋವು. ಪ್ರತಿ ವರ್ಷ ಸಾಲು ತೊಟ್ಟಿಗೆ ಹೋಗುತ್ತಿತ್ತು, ಪ್ರತಿ ವರ್ಷ ಅವರು ಮಕ್ಕಳನ್ನು ಬೈಯುತ್ತಿದ್ದರು. ಆದರೆ ಈ ವಾರ ಸೋಮವಾರದಿಂದ ಗುರುವಾರದವರೆಗೆ, ಕಂಬ ಬಲಗಡೆಯ ಕೊನೆಯಲ್ಲಿ ಅಲ್ಲಾಡದೆ ನಿಂತಿದ್ದಷ್ಟು ದಿನ, ಅವಳನ್ನು ನೋಡಿ ನಿಲ್ಲುತ್ತಿದ್ದ ಸಾಲು ಗೆರೆ ಬಿಟ್ಟಿರಲಿಲ್ಲ.

ಅವರು ತೊಟ್ಟಿಯನ್ನು ನೋಡಿದರು. ಸಾಲನ್ನು ನೋಡಿದರು. ಆಮೇಲೆ ಗ್ಯಾಲರಿಯನ್ನು ನೋಡಿದರು.

“ಏಯ್ ಕಂಬ! ಇಳಿದು ಬಾ.”

ಅವಳು ಬಲಗಡೆಯ ಕೊನೆಯಲ್ಲಿ ನಿಂತಳು. ಮತ್ತೊಮ್ಮೆ ಊದಿದರು. ಸಾಲು ಗೆರೆಯ ಮೇಲೇ ಉಳಿಯಿತು.

“ಆಯ್ತು,” ಎಂದರು ಮೇಷ್ಟ್ರು. ಸೋತೆನೆಂಬ ದನಿಯೇನೂ ಅಲ್ಲ, ಲೆಕ್ಕ ಕೂಡಿತೆಂಬ ದನಿ. “ನೀನು ಹೆಗಲು ಎತ್ಬೇಡ. ಏನೂ ಮಾಡ್ಬೇಡ. ಕಂಬ ಅಲ್ವಾ, ಕಂಬದ ಹಾಗೇ ನಿಂತ್ಕೋ.” ಬೆಲ್ ಹೊಡೆಯಿತು. ಹೊರಟ ಮಕ್ಕಳ ಬೆನ್ನಿಗೆ ಅವರು ದೊಡ್ಡ ದನಿಯಲ್ಲಿ ಕೂಗಿದರು. “ಎಲ್ಲರೂ ಕೇಳ್ಸ್ಕೊಳ್ಳಿ! ನಾಳೆ ಕಣ್ಣೆಲ್ಲ ಇವಳ ಮೇಲಿರಬೇಕು. ಇವಳು ಹೇಗೆ ನಿಲ್ತಾಳೋ ನೀವೂ ಹಾಗೇ ನಿಲ್ಲಬೇಕು!”

ಅವರ ಅರ್ಥ ಗೆರೆ ಬಿಡಬೇಡಿ ಎಂದು. ಆದರೆ ಹೇಳಿದ್ದನ್ನು ಹೇಳಿದಂತೆ, ಎಲ್ಲರೂ ಒಟ್ಟಿಗೆ ಮಾಡುವುದನ್ನು ಆ ಮಕ್ಕಳಿಗೆ ಕಲಿಸಿದವರೂ ಅವರೇ.

ಶನಿವಾರ ಮೈದಾನದ ಸುತ್ತ ಕುರ್ಚಿಗಳು ತುಂಬಿದ್ದವು. ಮೊದಲ ಸಾಲಿನಲ್ಲಿ ಹೆಡ್‌ಮಿಸ್, ಅವರ ಪಕ್ಕದಲ್ಲಿ ಅಂಗಡಿ ಅಜ್ಜಿ. ಅಜ್ಜಿಗೆ ಆ ಗೌರವ ಪ್ರತಿ ವರ್ಷದ್ದು. ಮೈಮೇಲಿರುವ ಬಟ್ಟೆಯೆಲ್ಲ ಅವರದ್ದು, ಸೀಟಿ ಊದುವ ಡ್ರಿಲ್ ಮೇಷ್ಟ್ರು ಅವರ ಮಗ. ಅಮ್ಮ ಹಿಂದಿನ ಸಾಲಿನಲ್ಲಿದ್ದಳು. ಅಪ್ಪ ತಡವಾಗಿ, ಬೆವರು ಒರೆಸಿಕೊಳ್ಳುತ್ತ ಗೇಟಿನಲ್ಲಿ ಬಂದ. ಬಂದವನು ಹುಡುಕಲಿಲ್ಲ. ಸೀದಾ ಅವಳನ್ನೇ ನೋಡಿ ಕೈಯೆತ್ತಿದ. ಅವಳು ಕೈಯೆತ್ತುವ ಹಾಗಿರಲಿಲ್ಲ. ಕಣ್ಣಿನಲ್ಲೇ ಉತ್ತರ ಕೊಟ್ಟಳು.

ಮೊದಲ ಸೀಟಿ.

ಕುರ್ಚಿಗಳಲ್ಲಿ ಕೂತಿದ್ದ ತಂದೆ ತಾಯಿಗಳ ಹೆಗಲುಗಳು ಒಟ್ಟಿಗೆ ಏರಿ ಇಳಿದವು. ಅವರೂ ಅದೇ ಶಾಲೆಯಲ್ಲಿ ಓದಿದವರು. ಮೈದಾನದಲ್ಲಿ ಒಂದು ಹೆಗಲೂ ಅಲ್ಲಾಡಲಿಲ್ಲ. ಅಷ್ಟೂ ಕಣ್ಣುಗಳು ಕಂಬದ ಮೇಲಿದ್ದವು. ಕಂಬ ಅಲ್ಲಾಡಿರಲಿಲ್ಲ.

ಎರಡನೇ ಸೀಟಿ. ಅಟೆನ್ಷನ್. ಮೇಷ್ಟ್ರು ಗಲಿಬಿಲಿಯಾದರೂ ನಿಲ್ಲಿಸಲಿಲ್ಲ. ಕೈ ಮೇಲೆ, ಕೈ ಪಕ್ಕಕ್ಕೆ, ಬಾಗು, ಏಳು. ಪ್ರತಿ ಚಲನೆಗೂ ಕಾಲರ್‌ಗಳು ಎಡಕ್ಕೆ ಸರಿದವು. ಸರಿದದ್ದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಮೊದಲ ಭಾಗ ಮುಗಿಯುವ ಹೊತ್ತಿಗೆ ಇಡೀ ಶಾಲೆಯ ಎಡ ಹೆಗಲುಗಳಿಂದ ಶರ್ಟುಗಳು ಇಳಿಬಿದ್ದಿದ್ದವು. ಎಡ ಮೊಣಕೈಗಳು ತೋಳಿನೊಳಗೆ ಮಾಯವಾಗಿದ್ದವು. ಗುಂಡಿಯ ಶರ್ಟಿನ ಗುಂಡಿ ಕಿತ್ತುಹೋಗಿ ಒಳಗಿನ ಬನಿಯನ್ ಕಾಣುತ್ತಿತ್ತು. ಸಾಲು ಮಾತ್ರ ಸುಣ್ಣದ ಗೆರೆಯ ಮೇಲೆ ದಾರ ಹಿಡಿದಷ್ಟು ನೆಟ್ಟಗಿತ್ತು.

ಕುರ್ಚಿಗಳಲ್ಲಿದ್ದವರು ಮುಂದಕ್ಕೆ ಬಾಗಿ ನೋಡಿದರು. ಇಂಥದ್ದನ್ನು ಅವರು ಹಿಂದೆ ನೋಡಿರಲಿಲ್ಲ. ಎಲ್ಲರೂ ಆಗಾಗ ಎತ್ತಿಕೊಳ್ಳುತ್ತಿದ್ದುದರಿಂದ, ಶರ್ಟು ಜಾರುತ್ತದೆ ಎಂಬುದೇ ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೇಷ್ಟ್ರು ಸಾಲಿನ ಉದ್ದಕ್ಕೂ ನಡೆದು ಬಂದರು. ಗುಂಡಿಯ ಮುಂದೆ ನಿಂತರು. ಅವಳ ಕಾಲರ್ ಹಿಡಿದು ಸರಿಯಾಗಿ ಕೂರಿಸಿದರು. ಕೈ ಬಿಟ್ಟರು. ಅದು ಮೆಲ್ಲಗೆ ಸರಿದು ಮತ್ತೆ ಎಡಕ್ಕೆ ಹೋಯಿತು. ಪಕ್ಕದವನದನ್ನು ಕೂರಿಸಿದರು. ಅದೂ ಹೋಯಿತು.

“ಇದ್ಯಾಕೆ ಜಾರ್ತಿದೆ?” ಎಂದರು.

ಆ ಪ್ರಶ್ನೆಯನ್ನು ಆ ಮೈದಾನದಲ್ಲಿ ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ಕಂಬಕ್ಕೆ ಉತ್ತರ ಗೊತ್ತಿತ್ತು, ತುಟಿಯವರೆಗೆ ಬಂದಿತ್ತು. ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಆಗಲೇ ಎದ್ದು ನಿಂತಿದ್ದಳು.

“ಎಡಗಡೆ ಹೆಗಲು ಒಂದು ಬೆರಳು ಉದ್ದ ಇದೆ ಸರ್. ಅಚ್ಚಲ್ಲೇ ಇದೆ.”

ಎಲ್ಲರ ತಲೆ ಅಂಗಡಿ ಅಜ್ಜಿಯ ಕಡೆ ತಿರುಗಿತು. ಅಜ್ಜಿ ಸಿಟ್ಟಾಗಲಿಲ್ಲ. ಕೋಲೂರಿಕೊಂಡು ಮೈದಾನಕ್ಕೆ ಇಳಿದರು. ಗುಂಡಿಯ ಹೆಗಲಿನ ಹೊಲಿಗೆಯ ಮೇಲೆ ಬೆರಳಿಟ್ಟು ಅಳೆದರು. ಆಮೇಲೆ ಹಾಗೇ ತಿರುಗಿ ಮಗನ ಎಡ ಹೆಗಲಿನ ಮೇಲೆ ಕೈಯಿಟ್ಟರು. ಅಲ್ಲಿ ಶರ್ಟು ಅಚ್ಚುಕಟ್ಟಾಗಿ ಕೂತಿತ್ತು.

“ಅಯ್ಯೋ,” ಎಂದರು. “ನಿನ್ನ ಶರ್ಟು ಕಣೋ ಇದು.”

“ಏನು?”

“ಚಿಕ್ಕವನಿದ್ದಾಗ ಮರದಿಂದ ಬಿದ್ಯಲ್ಲ, ಎಡಗಡೆ ಮೂಳೆ ಮುರಿದು ಹೆಗಲು ಇಳೀತಲ್ಲ. ನಿಂಗೆ ಅಂತ ಎಡಗಡೆ ಉದ್ದ ಬಿಟ್ಟು ಹೊಲೀತಿದ್ದೆ. ಅಂಗಡಿ ಜಾಗ ಬದಲಾಯಿಸುವಾಗ ಎಡಗಡೆ ತಗಡು ಎಲ್ಲೋ ಕಳೆದುಹೋಯ್ತು. ಅವತ್ತು ಕೈಗೆ ಸಿಕ್ಕಿದ್ದು ನಿನ್ನ ಹಳೇ ಶರ್ಟು. ಅದನ್ನೇ ಇಟ್ಟು ಹೊಸ ತಗಡು ಕತ್ತರಿಸಿದೆ.”

“ಯಾವಾಗ?”

“ನೀನು ಹೈಸ್ಕೂಲು ಮುಗಿಸಿದ್ಯೋ ಇಲ್ವೋ.”

ಮೇಷ್ಟ್ರು ಸಾಲಿನ ಮೇಲೆ ಕಣ್ಣು ಹಾಯಿಸಿದರು. ಚಿಕ್ಕದು ದೊಡ್ಡದು ಎಲ್ಲ ಸೇರಿ, ಮೈದಾನದ ತುಂಬ ಅವರದೇ ಶರ್ಟು. ಕುರ್ಚಿಗಳಲ್ಲೂ ಬೇರೆ ಬೇರೆ ಬಣ್ಣಗಳಲ್ಲಿ ಅವರದೇ. ಯಾರಿಗೂ ಕೂರದ ಶರ್ಟು ಅವರಿಗೆ ಮಾತ್ರ ಕೂರುತ್ತಿತ್ತು. ಆದ್ದರಿಂದಲೇ ಮಕ್ಕಳು ಯಾಕೆ ಎಗರಿಸುತ್ತಾರೆಂದು ಅವರಿಗೆ ತಿಳಿದಿರಲಿಲ್ಲ.

“ಅಂದ್ರೆ ಇಷ್ಟು ವರ್ಷ ನಾನು ಸೀಟಿ ಊದಿದ್ದು...” ಎಂದು ಕೈಯಲ್ಲಿದ್ದ ಸೀಟಿಯನ್ನು ತಿರುಗಿಸಿ ನೋಡಿದರು.

ಮೊದಲು ನಕ್ಕಿದ್ದು ಅಪ್ಪ. ಗೇಟಿನ ಹತ್ತಿರದಿಂದ ಒಂಟಿ ನಗು ಕೇಳಿಸಿತು. ಆಮೇಲೆ ಕುರ್ಚಿಗಳು ನಕ್ಕವು. ನಗುವಾಗಲೂ ಹೆಗಲುಗಳು ಏರಿ ಇಳಿದವು. ಏರಿ ಇಳಿದದ್ದು ಈಗ ಅವರಿಗೇ ಗೊತ್ತಾಯಿತು. ಔಷಧಿ ಅಂಗಡಿಯವನು ಬಲಗೈಯಿಂದ ತನ್ನ ಎಡ ಹೆಗಲನ್ನು ಒತ್ತಿ ಹಿಡಿದುಕೊಂಡ. ಹೆಡ್‌ಮಿಸ್ ಅವನನ್ನು ನೋಡಿ, ಮೆಲ್ಲಗೆ ತಮ್ಮದನ್ನೂ ಮುಟ್ಟಿ ನೋಡಿಕೊಂಡರು.

“ಸರ್,” ಎಂದಳು ಗುಂಡಿ. “ಈಗ ಎತ್ತಬೇಕಾ, ಬೇಡ್ವಾ?”

ಇಡೀ ಸಾಲು ಉತ್ತರಕ್ಕೆ ಕಾಯಿತು. ಮೇಷ್ಟ್ರು ಸೀಟಿಯನ್ನು ತುಟಿಗೆ ತಂದು, ತೆಗೆದರು. ಬಲಗಡೆಯ ಕೊನೆಗೆ ನೋಡಿದರು.

“ಏನಮ್ಮಾ, ಏನು ಮಾಡೋಣ?”

ಅಲ್ಲಾಡಬೇಡ ಎಂದಿದ್ದವರು ಈಗ ಕೇಳುತ್ತಿದ್ದರು. ಕಂಬ ಒಂದು ಹೆಜ್ಜೆ ಮುಂದೆ ಬಂದಳು.

“ಜಾರ್ತಿರೋರು ಎತ್ಕೊಳ್ಳಲಿ ಸರ್. ಯಾವಾಗ ಜಾರುತ್ತೋ ಆವಾಗ.”

“ಸೀಟಿ?”

“ಸೀಟಿ ಯಾಕೆ ಸರ್?”

ಮೇಷ್ಟ್ರು ಯೋಚಿಸಿದರು. ಸೀಟಿಯನ್ನು ಜೇಬಿಗೆ ಹಾಕಿ, ಬರೀ ಬಾಯಲ್ಲಿ ಅಟೆನ್ಷನ್ ಹೇಳಿದರು. ಕವಾಯತು ಮುಂದುವರಿಯಿತು. ಹೆಗಲುಗಳು ಒಂದಾದ ಮೇಲೆ ಒಂದು, ತಮ್ಮ ತಮ್ಮ ಹೊತ್ತಿಗೆ, ಕುದಿಯುವ ಪಾತ್ರೆಯ ಮುಚ್ಚಳದಂತೆ ಎಗರಿದವು. ಗುಂಡಿ ಎರಡು ಸಲ ಎತ್ತಿದಳು, ಮೂರನೆಯದಕ್ಕೆ ಕೈಯಿಂದ ಎಳೆದುಕೊಂಡಳು. ಬಲಗಡೆಯ ಕೊನೆಯಲ್ಲಿ ಹುಡುಗಿ ಅಲ್ಲಾಡದೆ ನಿಂತಿದ್ದಳು. ಅಪ್ಪ ಗೇಟು ಬಿಟ್ಟು ಹತ್ತಿರ ಬಂದಿದ್ದ. ಅವಳ ಕಣ್ಣು ಮಾತ್ರ ಅಪ್ಪನನ್ನು ದಾಟಿ ಹೋಗಿತ್ತು. ನೀರಿನ ತೊಟ್ಟಿಯ ಹತ್ತಿರ ಊರಿನವನೊಬ್ಬ ಲೋಟವನ್ನು ಮೂರು ಸಲ ತೊಳೆದು, ನೀರು ಕುಡಿಯದೆ ಮಗುಚಿಟ್ಟು ಹೊರಟಿದ್ದ. ಅವನ ಹಿಂದಿನವನೂ ಹಾಗೇ ಮಾಡಿದ. ಇದು ಯಾಕೆ ಎಂದು ಮೊದಲು ಯಾರನ್ನು ಕೇಳುವುದೆಂದು ಅವಳು ಆಗಲೇ ಲೆಕ್ಕ ಹಾಕುತ್ತಿದ್ದಳು.